ಒಂದು ಲೀಟರಿನ ಲೆಕ್ಕ

ವರವು ಕಾವಲ್ ಎಂಬ ಹೆಸರಿನಲ್ಲಿಯೇ ಕಾಯುವಿಕೆಯ ಅರ್ಥ ಅಡಗಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳ ಸಾಲಿಗೆ ಸೇರಿದ ನೆಲವದು. ಮಳೆ ಬಿದ್ದ ಕೆಲವು ವಾರಗಳು ಮಾತ್ರ ಹಸಿರುಟ್ಟು, ಉಳಿದ ತಿಂಗಳುಗಳೆಲ್ಲ ಒಣಹುಲ್ಲಿನ ಬಣ್ಣದಲ್ಲಿ ಹಬ್ಬಿಕೊಂಡಿರುವ ಚಳ್ಳಕೆರೆ ಸೀಮೆಯ ಈ ಬಯಲುಗಳಲ್ಲಿ ಈಚಿನ ವರ್ಷಗಳಲ್ಲಿ ವಿಜ್ಞಾನದ ದೊಡ್ಡ ಸಂಸ್ಥೆಗಳು ನೆಲೆಯೂರಿವೆ. ಕುರಿದನಗಳ ಮೇವಿನ ನೆಲ ಕೈಬಿಟ್ಟಿತೆಂಬ ನೋವು ಸುತ್ತಲಿನ ಹಟ್ಟಿಗಳಲ್ಲಿ ಉಳಿದಿದೆಯಾದರೂ, ಬಂದುದು ಅಲ್ಪವಾದುದಲ್ಲ. 2017ರ ಮೇ 28ರಂದು ಇಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೊ ಸಂಸ್ಥೆಯ ರೆಕ್ಕೆಯುಳ್ಳ ಮರುಬಳಕೆ ವಾಹನವೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಡುಗಡೆಗೊಂಡು, ಚಾಲಕನಿಲ್ಲದೆಯೇ ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಳ್ಳುತ್ತ ಬಂದು, ಇಲ್ಲಿಯ ಓಡುಹಾದಿಯಲ್ಲಿ ಸುರಕ್ಷಿತವಾಗಿ ಇಳಿಯಿತು.

ಆಕಾಶದಿಂದ ಇಳಿಯುವ ವಾಹನಕ್ಕೆ ಲೆಕ್ಕ ಎಷ್ಟು ಮುಖ್ಯವೋ, ಅದೇ ಸೀಮೆಯಲ್ಲಿ ಕೊಳವೆಬಾವಿಯ ಮುಂದೆ ಕೊಡ ಹಿಡಿದು ನಿಂತ ಹೆಣ್ಣುಮಗಳಿಗೂ ಲೆಕ್ಕ ಅಷ್ಟೇ ಮುಖ್ಯವಾದುದು. ಆಕೆಯ ಲೆಕ್ಕ ಬಲು ಚಿಕ್ಕದು: ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ? ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ 'ದ್ರಾವಣಗಳ ಸಾರತೆ' ಎಂಬ ಶೀರ್ಷಿಕೆಯಡಿ ಬರುವ, ಪರೀಕ್ಷೆಯಲ್ಲಿ ಎರಡು ಮೂರು ಅಂಕಗಳಿಗೆ ಮೀಸಲಾದ ಲೆಕ್ಕವೇ ಇದು. ಆದರೆ ಇದು ತಪ್ಪಿದಾಗ ನಷ್ಟವಾಗುವುದು ಅಂಕ ಮಾತ್ರವಲ್ಲ ಎಂಬುದನ್ನು ಈ ಭಾಗದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಬಲ್ಲರು. ಅವರು ಅದನ್ನು ಅರಿತ ಬಗೆಯನ್ನು ವಿದ್ಯಾಭಿಮಾನಿಗಳ ಮುಂದೆ ಇಡುವುದು ಅನುಚಿತವಾಗಲಾರದು.

ಚಿತ್ರದುರ್ಗ ಜಿಲ್ಲೆಯ ಪೂರ್ವಭಾಗ, ಅದರಲ್ಲೂ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು, ರಾಜ್ಯದಲ್ಲಿ ಅತ್ಯಲ್ಪ ಮಳೆ ಕಾಣುವ ಪ್ರದೇಶಗಳಲ್ಲಿ ಸೇರಿವೆ. ಮೇಲ್ಮೈ ನೀರು ಕಡಿಮೆಯಾದಲ್ಲಿ ಮನುಷ್ಯ ಭೂಮಿಯನ್ನು ಕೊರೆಯುತ್ತಾನೆ. ಇಲ್ಲಿಯ ಗ್ರಾನೈಟ್ ಮುಂತಾದ ಶಿಲೆಗಳಲ್ಲಿ ಫ್ಲೋರೈಡನ್ನು ಹಿಡಿದಿಟ್ಟುಕೊಂಡ ಖನಿಜಗಳಿವೆ. ಆಳದಲ್ಲಿ ದೀರ್ಘಕಾಲ ನಿಂತ ನೀರು ಆ ಕಲ್ಲುಗಳಿಂದ ಅದನ್ನು ಮೆಲ್ಲನೆ ಕರಗಿಸಿಕೊಳ್ಳುತ್ತದೆ. ಹೀಗಾಗಿ ಈ ಸೀಮೆಯ ಹಲವು ಕೊಳವೆಬಾವಿಗಳ ನೀರು ನೋಟಕ್ಕೆ ತಿಳಿಯಾಗಿದ್ದರೂ, ಬಾಯಿಗೆ ರುಚಿಯಾಗಿದ್ದರೂ, ಮಿತಿಮೀರಿದ ಫ್ಲೋರೈಡನ್ನು ಒಳಗಿರಿಸಿಕೊಂಡಿರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಆಸರೆ ಇಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಯುಂಟು. ಅದಕ್ಕೂ ಮಿಗಿಲಾದ ನೀರನ್ನು ಬಾಲ್ಯದಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿಯ, ಕಂದು ಬಣ್ಣದ ಕಲೆಗಳು ಮೂಡುತ್ತವೆ. ಮೂಡಿದ ಕಲೆ ಮುಂದೆ ಹೋಗುವುದಿಲ್ಲ. ಪ್ರಮಾಣ ಹೆಚ್ಚಾಗಿ ವರ್ಷಗಳು ಉರುಳಿದಲ್ಲಿ ಮೂಳೆ ಕೀಲುಗಳೂ ಬಿಗಿಯುತ್ತವೆ. ಹಿಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಈ ಬಾಧೆಯನ್ನು ಶಾರ್ಟ್ ಎಂಬ ವೈದ್ಯವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ 1937ರಲ್ಲಿಯೇ ಪ್ರಕಟಪಡಿಸಿದ್ದರು.

ಇಂತಹ ಸೀಮೆಯ ಮಕ್ಕಳಿಗೆ ಸಾರತೆಯ ಪಾಠವನ್ನು ಹೇಳುತ್ತಿದ್ದ ಆ ಅಧ್ಯಾಪಕರು ಬಹುಕಾಲ ಎಲ್ಲರಂತೆಯೇ ಹೇಳುತ್ತಿದ್ದರು. ಕಪ್ಪುಹಲಗೆಯ ಮೇಲೆ ಸೂತ್ರವನ್ನು ಬರೆಯುವುದು, ನಾಲ್ಕು ಲೆಕ್ಕ ಮಾಡಿ ತೋರಿಸುವುದು, ಹತ್ತು ಲೆಕ್ಕ ಮನೆಗೆ ಕೊಡುವುದು. ಮಕ್ಕಳು ಸಂಖ್ಯೆಗಳನ್ನು ಸೂತ್ರಕ್ಕೆ ತುಂಬಿ ಉತ್ತರವನ್ನು ತೆಗೆಯುತ್ತಿದ್ದರು. ಉತ್ತರ ಸರಿಯಾಗಿರುತ್ತಿತ್ತು, ಅರ್ಥ ಮಾತ್ರ ಆಗಿರುತ್ತಿರಲಿಲ್ಲ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ತಲೆಯೆತ್ತಿ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ತರಬೇತಿ ನೀಡುವ ಏರ್ಪಾಡಾದ ಮೇಲೆ, ಅವರೂ ಒಮ್ಮೆ ಅಲ್ಲಿಗೆ ಹೋಗಿ ಕೆಲವು ದಿನ ಕಲಿತು ಬಂದರು. ತಾವು ಪಾಠ ಹೇಳುತ್ತ ಬಂದ ದ್ರಾವಣವನ್ನು ತಮ್ಮ ಕೈಯಾರೆ ತೂಗಿ, ಕರಗಿಸಿ, ಅಳೆದು ಸಿದ್ಧಪಡಿಸಿದುದು ಎಷ್ಟೋ ವರ್ಷಗಳ ನಂತರ ಅದೇ ಮೊದಲು.

ಹಿಂದಿರುಗಿದವರು ಸೂತ್ರವನ್ನು ಬದಿಗಿಟ್ಟು ಸಕ್ಕರೆಯಿಂದ ಆರಂಭಿಸಿದರು. ಸಕ್ಕರೆಯ ಒಂದು ಮೋಲ್ ಎಂದರೆ 342 ಗ್ರಾಂ. ಒಂದು ಮೊಲಾರಿಟಿಯ ಸಕ್ಕರೆ ದ್ರಾವಣವನ್ನು ಮಾಡುವ ಬಗೆ ಹೇಗೆಂದು ಕೇಳಿದರೆ, 'ಒಂದು ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಹಾಕಬೇಕು' ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಹೇಳಿತು. ಹಾಗೆಯೇ ಮಾಡಿಸಿದರು. ಸಕ್ಕರೆ ಪೂರ್ತಿ ಕರಗಿದಾಗ ಪಾತ್ರೆಯಲ್ಲಿದ್ದುದು ಒಂದು ಲೀಟರಲ್ಲ, ಸುಮಾರು 1.2 ಲೀಟರ್ ಪಾನಕ! ಅದರ ಮೊಲಾರಿಟಿ ಒಂದಲ್ಲ, ಸುಮಾರು 0.8. ಸಕ್ಕರೆಯೂ ಜಾಗವನ್ನು ಬೇಡುತ್ತದೆ. ಆದುದರಿಂದ ಸಕ್ಕರೆಯನ್ನು ಮೊದಲು ಕಡಿಮೆ ನೀರಿನಲ್ಲಿ ಕರಗಿಸಿ, ಬಳಿಕ ಒಟ್ಟು ದ್ರಾವಣವು ಒಂದು ಲೀಟರಿನ ಗೆರೆಯನ್ನು ಮುಟ್ಟುವವರೆಗೆ ಮಾತ್ರ ನೀರನ್ನು ತುಂಬಬೇಕು. 'ಒಂದು ಲೀಟರ್ ನೀರು' ಬೇರೆ, 'ಒಂದು ಲೀಟರ್ ದ್ರಾವಣ' ಬೇರೆ. ಶೇಕಡಾ 5ರ ಉಪ್ಪುನೀರಿಗೂ ಇದೇ ನ್ಯಾಯ ಸಲ್ಲುತ್ತದೆ: 5 ಗ್ರಾಂ ಉಪ್ಪಿಗೆ ಬೇಕಾದುದು 100 ಗ್ರಾಂ ನೀರಲ್ಲ, 95 ಗ್ರಾಂ. ಸಾರತೆಯೆಂಬುದು 'ಎಷ್ಟು' ಎಂಬ ಪ್ರಶ್ನೆಗೆ ಉತ್ತರವಲ್ಲ. 'ಎಷ್ಟರಲ್ಲಿ ಎಷ್ಟು' ಎಂಬ ಪ್ರಶ್ನೆಗೆ ಉತ್ತರ. ಗೆರೆಯ ಮೇಲಿನ ಸಂಖ್ಯೆಯನ್ನು ಎಲ್ಲರೂ ನೋಡುತ್ತಾರೆ, ಗೆರೆಯ ಕೆಳಗಿನ ಛೇದವನ್ನು ಮರೆಯುತ್ತಾರೆ ಎಂಬುದು ಅವರು ಅಂದು ಹಲಗೆಯ ಮೇಲೆ ಬರೆದ ಮಾತು.

ಮುಂದಿನ ಹೆಜ್ಜೆಯಾಗಿ ಅವರು ಫ್ಲೋರೈಡಿನ ಮಾದರಿ ದ್ರಾವಣವನ್ನು ಮಾಡಿಸಿದರು. ನೀರನ್ನು ಪರೀಕ್ಷಿಸುವವನಿಗೆ ಮೊದಲು ಬೇಕಾದುದು, ಇಷ್ಟೇ ಫ್ಲೋರೈಡ್ ಇದೆಯೆಂದು ನಿಶ್ಚಯವಾಗಿ ತಿಳಿದಿರುವ ಒಂದು ದ್ರಾವಣ; ಅಂಗಡಿಯ ತಕ್ಕಡಿಗೆ ತೂಕದ ಕಲ್ಲು ಇದ್ದಂತೆ. ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣಕ್ಕೆ ಎಷ್ಟು ಸೋಡಿಯಂ ಫ್ಲೋರೈಡನ್ನು ತೂಗಬೇಕು? ನೂರು ಮಿಲಿಗ್ರಾಂ ಎಂದು ಬಾಯಿಗೆ ಬರುವುದು ಸಹಜ. ಆದರೆ ಆ ಪುಡಿಯಲ್ಲಿ ಫ್ಲೋರೈಡಿನೊಡನೆ ಸೋಡಿಯಂ ಕೂಡ ಇದೆ. 42 ಪಾಲು ಪುಡಿಯಲ್ಲಿ 23 ಪಾಲು ಸೋಡಿಯಂ, 19 ಪಾಲು ಮಾತ್ರ ಫ್ಲೋರೈಡ್. ನೂರನ್ನು 42ರಿಂದ ಗುಣಿಸಿ 19ರಿಂದ ಭಾಗಿಸಿದರೆ ಬರುವುದು 221. ಬರಿಯ 100 ಮಿಲಿಗ್ರಾಂ ತೂಗಿದಲ್ಲಿ ದ್ರಾವಣದಲ್ಲಿ ಇರುವುದು 45 ಮಿಲಿಗ್ರಾಂ ಫ್ಲೋರೈಡ್ ಮಾತ್ರ. ತೂಕದ ಕಲ್ಲೇ ಸವೆದಿದ್ದರೆ ಸರಕೆಲ್ಲ ಹೆಚ್ಚು ತೂಗುವಂತೆ, ಅಂತಹ ಮಾದರಿಯೊಡನೆ ಹೋಲಿಸಿದಾಗ ಲೀಟರಿಗೆ 0.9 ಮಿಲಿಗ್ರಾಂ ಇರುವ ಒಳ್ಳೆಯ ನೀರೂ 2.0 ಎಂದು ತೋರಿ, ಊರಿನ ಒಳ್ಳೆಯ ಬಾವಿಯೊಂದು ಕೆಟ್ಟ ಹೆಸರನ್ನು ಹೊರಬೇಕಾಗುತ್ತದೆ.

ಮಾದರಿ ದ್ರಾವಣ ಸಿದ್ಧವಾಯಿತು. ಕಾಲೇಜೊಂದರಿಂದ ವರ್ಣಮಾಪಕ ಯಂತ್ರ ಎರವಲಾಗಿ ಬಂದಿತು. ಮಕ್ಕಳು ತಮ್ಮ ತಮ್ಮ ಊರುಗಳಿಂದ ಬಾಟಲಿಗಳಲ್ಲಿ ನೀರನ್ನು ತಂದರು. ಪರೀಕ್ಷೆಯ ತತ್ವ ಸರಳವಾದುದು: ಜಿರ್ಕೋನಿಯಂ ಲೋಹದೊಡನೆ ಕೂಡಿಸಿದ ಕೆಂಬಣ್ಣದ ದ್ರಾವಣವನ್ನು ನೀರಿಗೆ ಬೆರೆಸಿದಾಗ, ನೀರಿನ ಫ್ಲೋರೈಡು ಜಿರ್ಕೋನಿಯಮನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಮಾಸಿದಷ್ಟೂ ಫ್ಲೋರೈಡ್ ಹೆಚ್ಚು. ಆದರೆ ಈ ವಿಧಾನವು ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ನಂಬಿಕೆಗೆ ಅರ್ಹ. ಅದಕ್ಕಿಂತ ಹೆಚ್ಚಿನ ನೀರಾದರೆ ಶುದ್ಧ ಜಲವನ್ನು ಬೆರೆಸಿ ತೆಳುಗೊಳಿಸಿ, ಬಂದ ಅಂಕಿಯನ್ನು ತೆಳುಗೊಳಿಸಿದ ಪಟ್ಟಿನಿಂದ ಗುಣಿಸಬೇಕು.

ಒಂದು ಹಟ್ಟಿಯ ನೀರು ಮೊದಲ ಸಲವೇ ಅಳತೆಯನ್ನು ಮೀರಿತು. ಆ ನೀರಿನ 10 ಮಿಲಿಲೀಟರನ್ನು ಪಿಪೆಟ್ಟಿನಿಂದ ತೆಗೆದು, ಫ್ಲಾಸ್ಕಿನಲ್ಲಿ 50 ಮಿಲಿಲೀಟರಿಗೆ ತುಂಬಿದರು. ಯಂತ್ರವು 0.8 ಎಂದು ತೋರಿತು. ಸಂಜೆಯಾಗಿತ್ತು, ಬಸ್ಸಿನ ಹೊತ್ತು ಮೀರುತ್ತಿತ್ತು. ಪುಸ್ತಕದಲ್ಲಿ 0.8 ಎಂದೇ ಬರೆದುಕೊಂಡರು. ಅದರ ಕೆಳಗೆ ಅಧ್ಯಾಪಕರ ರುಜುವೂ ಬಿದ್ದಿತು. ಆ ಹಟ್ಟಿಯ ಹುಡುಗನೊಬ್ಬ ಮನೆಗೆ ಹೋಗಿ, ನಮ್ಮ ಬೋರಿನ ನೀರು ಒಳ್ಳೆಯದಂತೆ ಎಂದು ಸಾರಿದನು. ದೂರದ ಘಟಕಕ್ಕೆ ಹೋಗಿ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರುತ್ತಿದ್ದ ಕೆಲವು ಮನೆಗಳವರು ಮರುದಿನದಿಂದಲೇ ಅದನ್ನು ನಿಲ್ಲಿಸಿದರು.

ತಪ್ಪನ್ನು ಕಂಡುಹಿಡಿದವಳು ಒಬ್ಬ ವಿದ್ಯಾರ್ಥಿನಿ. ವಾರ ಕಳೆದ ಮೇಲೆ ಟಿಪ್ಪಣಿ ಪುಸ್ತಕವನ್ನು ಪ್ರತಿಮಾಡುತ್ತಿದ್ದವಳು ಎದ್ದು ನಿಂತು, "ಸಾರ್, ನಾವು ಹತ್ತು ಇದ್ದಿದ್ದನ್ನ ಐವತ್ತು ಮಾಡಿದ್ವಲ್ಲ, ಅದು ಲೆಕ್ಕದಾಗೆ ಎಲ್ಲಿ ಬಂತು?" ಎಂದು ಕೇಳಿದಳು. ಅಧ್ಯಾಪಕರು ಪುಸ್ತಕವನ್ನು ತೆಗೆದುಕೊಂಡು ನೋಡಿದರು. ಐದು ಪಟ್ಟು ಎಲ್ಲಿಯೂ ಬಂದಿರಲಿಲ್ಲ. 0.8ನ್ನು ಐದರಿಂದ ಗುಣಿಸಿದರೆ 4.0. ಅನುಮತಿಸಿದ ಕೊನೆಯ ಮಿತಿಗೂ ಎರಡೂವರೆ ಪಟ್ಟಿಗಿಂತ ಮಿಗಿಲು. ಛೇದವನ್ನು ಮರೆಯಬಾರದೆಂದು ಹಲಗೆಯ ಮೇಲೆ ಬರೆದವರೇ ಅದನ್ನು ಮರೆತಿದ್ದರು.

"ತಾಯಿ, ಈ ಲೆಕ್ಕ ನೀನು ಕೇಳದೆ ಹೋಗಿದ್ದರೆ ನಾನು ತಿದ್ದುತ್ತಿರಲಿಲ್ಲ" ಎಂದಷ್ಟೇ ಹೇಳಿ ಅವರು ಅಂದೇ ಆ ಹಟ್ಟಿಗೆ ಹೊರಟರು. ವಿದ್ಯಾರ್ಥಿಗಳನ್ನೂ ಕರೆದೊಯ್ದರು. ಬೇವಿನಮರದ ಕಟ್ಟೆಯ ಬಳಿ ಜನ ಕೂಡಿದಾಗ, ತಮ್ಮ ಲೆಕ್ಕ ತಪ್ಪಿತ್ತೆಂದೂ, ಆ ನೀರನ್ನು ಕುಡಿಯಲು, ಅಡಿಗೆಗೆ ಬಳಸಬಾರದೆಂದೂ ತಿಳಿಸಿದರು. ಹಿರಿಯರೊಬ್ಬರು, "ಮೇಷ್ಟ್ರೇ, ಹೋದ ವಾರ ಒಳ್ಳೇದು ಅಂದ್ರಿ, ಈ ವಾರ ಕೆಟ್ಟದ್ದು ಅಂತೀರಿ. ನೀರು ಅದೇ ಐತಲ್ಲ?" ಎಂದರು. "ನೀರು ಅದೇ ಯಜಮಾನ್ರೇ. ತಪ್ಪಿದ್ದು ನನ್ನ ಲೆಕ್ಕ" ಎಂದು ಅಧ್ಯಾಪಕರು ಉತ್ತರಿಸಿದರು. ಯಾರೂ ಬೈಯಲಿಲ್ಲ. ಆದರೆ ಹಿಂದಿರುಗುವಾಗ ದಾರಿಯುದ್ದಕ್ಕೂ ಮಕ್ಕಳಲ್ಲಿ ಯಾರೂ ಮಾತನಾಡಲಿಲ್ಲ. ಲೆಕ್ಕವೊಂದು ಜನರ ಬಾಯಿಗೆ, ಮಕ್ಕಳ ಹಲ್ಲಿಗೆ ಸಂಬಂಧಿಸಿದ್ದೆಂಬುದನ್ನು ಅವರು ಅಂದು ಕಂಡಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಕಾಣಿಸಲಾರದು.

ಆ ದಿನ ಕಟ್ಟೆಯ ಬಳಿ ಒಬ್ಬ ಅಜ್ಜಿ ಕೇಳಿದ ಪ್ರಶ್ನೆಯೂ ತರಗತಿಗೆ ಬಂದಿತು: "ಕಾಯಿಸಿ ಆರಿಸಿ ಕುಡಿದ್ರೆ ಆಗಲ್ವೇನಪ್ಪಾ?" ರೋಗಾಣುಗಳಿಗೆ ಈ ಉಪಾಯ ಸಲ್ಲುತ್ತದೆ, ಫ್ಲೋರೈಡಿಗೆ ಸಲ್ಲದು. ಲೀಟರಿಗೆ 4 ಮಿಲಿಗ್ರಾಮಿನಂತೆ 10 ಲೀಟರ್ ನೀರಿನಲ್ಲಿ ಇರುವುದು 40 ಮಿಲಿಗ್ರಾಂ. ಕುದಿದು 8 ಲೀಟರಿಗೆ ಇಳಿದಾಗ ಹಬೆಯಾಗಿ ಹೋದುದು ನೀರೇ ಹೊರತು ಫ್ಲೋರೈಡಲ್ಲ. 40ನ್ನು 8ರಿಂದ ಭಾಗಿಸಿದರೆ ಲೀಟರಿಗೆ 5 ಮಿಲಿಗ್ರಾಂ! ಕಾಯಿಸಿದಷ್ಟೂ ಛೇದ ಸಣ್ಣದಾಗಿ ಸಾರತೆ ಏರುತ್ತದೆ. ಊರಿನ ಶುದ್ಧ ನೀರಿನ ಘಟಕವೂ ಫ್ಲೋರೈಡನ್ನು ನಾಶಮಾಡುವುದಿಲ್ಲ, ಬೇರೆ ಕಡೆಗೆ ಸರಿಸುತ್ತದೆ. ಅದೇ ನೀರಿನ 100 ಲೀಟರನ್ನು ಘಟಕಕ್ಕೆ ಬಿಟ್ಟು, 50 ಲೀಟರ್ ಶುದ್ಧ ನೀರು ಬಂದು, ಅದರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಯಿತೆಂದಿಟ್ಟುಕೊಂಡರೆ, ಮಿಕ್ಕ 390 ಮಿಲಿಗ್ರಾಂ ಹೊರಬಿಟ್ಟ 50 ಲೀಟರಿನಲ್ಲಿ ಸೇರಿರುತ್ತದೆ; ಅಂದರೆ ಲೀಟರಿಗೆ 7.8. ಆ ನೀರನ್ನು ದನದ ತೊಟ್ಟಿಗೆ ತಿರುಗಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡುವುದು ಒಳಿತು.

ಅಪಾಯವನ್ನು ತೋರುವ ಲೆಕ್ಕವೇ ಉಪಾಯವನ್ನೂ ತೋರುತ್ತದೆ. 4 ಮಿಲಿಗ್ರಾಂನ ಹತ್ತು ಲೀಟರಿಗೆ ಮೂವತ್ತು ಲೀಟರ್ ಮಳೆಯ ನೀರು ಬೆರೆತರೆ, ಅದೇ 40 ಮಿಲಿಗ್ರಾಂ 40 ಲೀಟರಿಗೆ ಹಂಚಿಹೋಗಿ ಲೀಟರಿಗೆ 1.0 ಆಗುತ್ತದೆ. ಬರಿಯ ಮಳೆನೀರನ್ನೇ ಕುಡಿಯುವುದಾದರೆ ಇನ್ನೂ ಲೇಸು. ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 450 ಮಿಲಿಮೀಟರ್ ಮಳೆ ಬಿದ್ದರೂ 22,500 ಲೀಟರ್ ನೀರಾಯಿತು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ಉಳಿಯುವುದು 18,000. ಐವರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ ಐದು ಲೀಟರಿನಂತೆ ವರ್ಷಕ್ಕೆ ಬೇಕಾದುದು 9,125 ಲೀಟರ್. ಬರದ ನಾಡೆಂದು ಹೆಸರಾದ ಸೀಮೆಯ ಮಾಳಿಗೆಯ ಮೇಲೂ ಬಾಯಾರಿಕೆಗೆ ಸಾಲುವ ನೀರು ಬೀಳುತ್ತದೆ ಎಂಬುದನ್ನು ಮಕ್ಕಳು ತಾವೇ ಲೆಕ್ಕಹಾಕಿ ಕಂಡುಕೊಂಡರು. ಮೊದಲ ಮಳೆಯನ್ನು ಹೊರಬಿಟ್ಟು ಮಾಳಿಗೆಯನ್ನು ತೊಳೆಯುವುದು, ತೊಟ್ಟಿಯನ್ನು ಮುಚ್ಚಿ ಕಾಪಾಡುವುದು ಮಾತ್ರ ಮನೆಯವರ ಕೆಲಸ.

ಇನ್ನೊಂದು ವಿವೇಕವನ್ನೂ ಈ ಪಾಠ ಕಲಿಸಿತು. 1.5 ಎಂಬ ಮಿತಿ ಎಲ್ಲರಿಗೂ ಒಂದೇ ಆದರೂ, ಎಲ್ಲರೂ ಕುಡಿಯುವ ನೀರು ಒಂದೇ ಅಳತೆಯದಲ್ಲ. ನೆರಳಿನಲ್ಲಿ ಕುಳಿತು ದಿನಕ್ಕೆ ಎರಡು ಲೀಟರ್ ಕುಡಿಯುವವನ ಒಡಲಿಗೆ ಸೇರುವುದು 3 ಮಿಲಿಗ್ರಾಂ. ಚೈತ್ರ ವೈಶಾಖದ ಬಿಸಿಲಿನಲ್ಲಿ ಹೊಲಗೆಯ್ದು ಐದು ಲೀಟರ್ ಕುಡಿಯುವವನಿಗೆ ಸೇರುವುದು ಏಳೂವರೆ. ಹವೆಯನ್ನೂ ಜನ ಕುಡಿಯುವ ನೀರಿನ ಪ್ರಮಾಣವನ್ನೂ ನೋಡಿ ಮಿತಿಯನ್ನು ನಿರ್ಧರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಸಾರತೆಯನ್ನು ತಿಳಿದವನು ಅಲ್ಲಿಗೇ ನಿಲ್ಲದೆ, ಯಾರು ಎಷ್ಟು ಕುಡಿಯುತ್ತಾರೆಂದು ಕೇಳಬೇಕು. ಅಂಕಿಯ ಹಿಂದೆ ಮನುಷ್ಯನಿದ್ದಾನೆ.

ಇಂದು ಆ ಅಧ್ಯಾಪಕರ ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಒಂದು ಹೊಸ ಕಲಮು ಎಳೆಯಲಾಗಿದೆ. ತೆಗೆದ ನೀರು, ತುಂಬಿದ ಗಾತ್ರ, ಪಟ್ಟು, ಯಂತ್ರ ತೋರಿದ ಅಂಕಿ, ಗುಣಿಸಿದ ಉತ್ತರ. ಪಟ್ಟು ಇಲ್ಲದಿದ್ದಲ್ಲಿ ಕಲಮನ್ನು ಖಾಲಿ ಬಿಡದೆ 'ಒಂದು' ಎಂದು ಬರೆಯತಕ್ಕದ್ದು. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ನೋಡದ ಹೊರತು ಅಧ್ಯಾಪಕರು ರುಜು ಹಾಕುವುದಿಲ್ಲ. 0.8 ಎಂದು ಬರೆದ ಹಳೆಯ ಪುಟವನ್ನು ಹರಿದು ಹಾಕಿಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ ಹಾಗೆಯೇ ಇರಿಸಿದ್ದಾರೆ. ಪ್ರತಿ ವರ್ಷ ಹೊಸ ತರಗತಿಗೆ ಮೊದಲು ತೋರಿಸುವುದು ಆ ಪುಟವನ್ನೇ.

ವಿದ್ಯಾಸಂಸ್ಥೆಗಳ ಏಳಿಗೆಯನ್ನು ಬಯಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡಕ್ಕೆ, ಸಭಾಭವನಕ್ಕೆ ಕೈನೀಡುವುದು ಸ್ತುತ್ಯವಾದುದೇ. ಆದರೆ ಕತ್ತಿನಲ್ಲಿ ಸಣ್ಣ ಗೆರೆಯೊಂದನ್ನು ಹೊತ್ತ ಗಾಜಿನ ಫ್ಲಾಸ್ಕು, ಮಿಲಿಗ್ರಾಂ ತೂಗುವ ತಕ್ಕಡಿ, ಬಟ್ಟಿಯಿಳಿಸಿದ ನೀರು ಇವು ಯಾರ ಹೆಸರಿನ ಫಲಕವನ್ನೂ ಹೊರದೆ ಮೂಲೆಯಲ್ಲಿ ಕುಳಿತು ಮಾಡುವ ಸೇವೆಯೂ ಕಡಿಮೆಯದಲ್ಲ. ಅವನ್ನು ಮಕ್ಕಳ ಕೈಗೆ ಕೊಟ್ಟು, ತಪ್ಪಿದಲ್ಲಿ ತಪ್ಪೆಂದು ಒಪ್ಪಿಕೊಳ್ಳುವ ಗುರುವೂ, 'ಅದು ಲೆಕ್ಕದಲ್ಲಿ ಎಲ್ಲಿ ಬಂತು' ಎಂದು ಎದ್ದುನಿಂತು ಕೇಳುವ ಶಿಷ್ಯೆಯೂ ದೊರೆತಲ್ಲಿ, ಆ ಶಾಲೆಯ ಸುತ್ತಲಿನ ಹಳ್ಳಿಗಳು ಕುಡಿಯುವ ನೀರು ಕಾವಲಿಲ್ಲದೆ ಉಳಿಯಲಾರದು. ವರವು ಕಾವಲಿನ ಬಯಲಿನ ಮೇಲೆ ಮುಂದೆಯೂ ಹೊಸ ವಿಮಾನಗಳು ಹಾರಲಿ, ಇಳಿಯಲಿ. ಆ ಬಯಲಿನ ಅಂಚಿನ ಮಕ್ಕಳು ತಮ್ಮೂರಿನ ಒಂದು ಲೀಟರ್ ನೀರಿನ ಲೆಕ್ಕವನ್ನು ಸರಿಯಾಗಿ ಮಾಡುವಂತಾಗಲಿ.